ನೈವೇಲಿಯ ಗಣಿಯೂ ಸುತ್ತಣ ಗದ್ದೆಗಳೂ

ಹೊಸೂರು, ತಾಳವಾಡಿಗಳ ನಮ್ಮ ಮನೆಗಳ ದೀಪಕ್ಕೂ ಗಡಿಯಾಚೆಯ ಕರ್ನಾಟಕಕ್ಕೂ ಕಡಲೂರು ಜಿಲ್ಲೆಯ ನೈವೇಲಿಯಿಂದ ವಿದ್ಯುತ್ತು ಬರುತ್ತದೆ. ಅಲ್ಲಿನ ಕಂದು ಕಲ್ಲಿದ್ದಲಿನ ತೆರೆದ ಗಣಿಯ ಕೆಲಸವನ್ನು ನೆಹರೂ ಅವರು 1957ರಲ್ಲಿ ಉದ್ಘಾಟಿಸಿದರು. ಇದ್ದಲಿನ ಪದರದಡಿ ಒತ್ತಡದಿಂದ ಉಕ್ಕುವ ಅಂತರ್ಜಲವಿದೆ. ಹಗಲಿರುಳು ಪಂಪುಗಳಿಂದ ಅದನ್ನು ಮೇಲೆತ್ತದಿದ್ದರೆ ಗಣಿಯ ತಳವೇ ಬಿರಿದೀತು. ಬಾವಿಯನ್ನೇ ನಂಬಿದ ಸುತ್ತಣ ರೈತನಿಗೆ ಇದು ಸಣ್ಣ ಸಂಗತಿಯಲ್ಲ.

2023ರ ಜುಲೈಯಲ್ಲಿ ಪರವನಾರು ಹೊಳೆಯ ಪಾತ್ರವನ್ನು ಬದಲಿಸುವ ಕಾಲುವೆಗಾಗಿ ವಳಯಮಾದೇವಿಯ ಹಸುರು ಭತ್ತದ ಗದ್ದೆಗಳ ಮೇಲೆ ಯಂತ್ರಗಳು ಹರಿದವು. ನೆಲವು ಹಿಂದೆಯೇ ಸ್ವಾಧೀನವಾಗಿದ್ದುದು ನಿಜ. ಆದರೆ ಬಿತ್ತಿದವನ ಕೊಯ್ಲಿಗೆ ಎರಡು ತಿಂಗಳು ಕಾಯಲಾಗದಿತ್ತೇ ಎಂಬುದೇ ನಮ್ಮ ಪ್ರಶ್ನೆ. ಮದರಾಸು ಉಚ್ಚ ನ್ಯಾಯಾಲಯವೂ ಇದಕ್ಕೆ ವ್ಯಥೆಪಟ್ಟು, ನಾಶವಾದ ಬೆಳೆಗೆ ಎಕರೆಗೆ 40,000 ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.