ಔಷಧಿಗೆ ಬಗ್ಗದ ಹುಳ

ಹುಳಕ್ಕೆ ಔಷಧಿ ಒಗ್ಗಿಹೋಯಿತು ಎಂದು ನಮ್ಮ ಸದಸ್ಯ ಬಾಂಧವರು ಹೇಳುವುದುಂಟು. ಮಾತು ಸುಳ್ಳಲ್ಲ, ಆದರೆ ಒಗ್ಗುವ ಬಗೆ ನಾವೆಣಿಸಿದಂತಲ್ಲ.

ಇಂಗ್ಲೆಂಡಿನಲ್ಲೊಂದು ಪತಂಗವಿದೆ. ಬಿಳಿ ರೆಕ್ಕೆಯ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕೆ. ಕಲ್ಲುಹೂವು ಬೆಳೆದ ತೊಗಟೆಯ ಮೇಲೆ ಕುಳಿತರೆ ಹಕ್ಕಿಯ ಕಣ್ಣಿಗೆ ಬೀಳದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದೇ ಜಾತಿಯ ಕಪ್ಪು ಪತಂಗವೊಂದು ಸಿಕ್ಕಿತು. ಗಿರಣಿಗಳ ಮಸಿಯಿಂದ ಮರಗಳೇ ಕಪ್ಪಾಗಿದ್ದ ಆ ಊರಿನಲ್ಲಿ 1895ರ ಹೊತ್ತಿಗೆ ನೂರಕ್ಕೆ 98 ಕಪ್ಪು. ಯಾವ ಪತಂಗವೂ ಮಸಿ ಬಳಿದುಕೊಳ್ಳಲಿಲ್ಲ. ಬಿಳಿಯವು ಹಕ್ಕಿಗಳ ಪಾಲಾದವು, ಕಪ್ಪಿನವು ಉಳಿದು ಸಂತಾನ ಬೆಳೆಸಿದವು. 1956ರಲ್ಲಿ ಹೊಗೆ ತಡೆಯುವ ಕಾನೂನು ಬಂದು ಗಾಳಿ ತಿಳಿಯಾಗುತ್ತ ಹೋದಂತೆ ಬಿಳಿಯವೇ ಮತ್ತೆ ಹೆಚ್ಚಿದವು.

ಹೊಗೆಯ ಜಾಗದಲ್ಲಿ ಕೀಟನಾಶಕವನ್ನಿಟ್ಟರೆ ಇದು ತೋಟದ ಕಥೆಯೇ. ಆಸ್ಟ್ರೇಲಿಯದ ಪೂರ್ವಕ್ಕಿರುವ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಕಾಫಿಯ ಕಾಯಿಕೊರಕಕ್ಕೆ, ಅಂದರೆ ನಾವು ಬೆರಿ ಬೋರರ್ ಎನ್ನುವ ಹುಳಕ್ಕೆ, ಎಂಡೋಸಲ್ಫಾನ್ ಹೊಡೆಯುತ್ತಿದ್ದರು. ವಾಹನದ ಮೇಲೆ ಯಂತ್ರವಿಟ್ಟು ರಸ್ತೆಯಿಂದಲೇ ತೋಟದೊಳಕ್ಕೆ ಸಿಂಪಡಿಸುವ ಪದ್ಧತಿ. ಈ ಔಷಧಿಗೆ ಸಾಯದ ಹುಳಗಳಿವೆಯೆಂದು 1989ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಂಥವು ರಸ್ತೆಯಂಚಿನ ಗಿಡಗಳಲ್ಲಿ ಹೆಚ್ಚು, ಒಳಗೆ ಹೋದಂತೆ ಕಡಮೆ. ಔಷಧಿ ಧಾರಾಳವಾಗಿ ಬಿದ್ದ ಕಡೆಯೇ ಅದು ಕೆಲಸಕ್ಕೆ ಬಾರದಾಗಿತ್ತು!

ಈ ಹುಳದ ಸಂಸಾರವೂ ವಿಚಿತ್ರ. ಹೆಣ್ಣು ಹಣ್ಣು ಕೊರೆದು ಬೀಜದೊಳಗೆ ಮೊಟ್ಟೆಯಿಡುತ್ತದೆ. ಹುಟ್ಟುವ ಗಂಡುಗಳು ಕೆಲವೇ, ಅವೂ ಹಾರಲಾರವು. ಒಡಹುಟ್ಟಿದ ಹೆಣ್ಣುಗಳನ್ನು ಅಲ್ಲೇ ಕೂಡಿ ಅಲ್ಲೇ ಸಾಯುತ್ತವೆ. ಕೂಡಿದ ಹೆಣ್ಣುಗಳಷ್ಟೇ ಹೊರಬಂದು ಬೇರೆ ಹಣ್ಣು ಹುಡುಕುತ್ತವೆ. ಹೀಗಾಗಿ ವಿಷ ತಡೆಯುವ ಗುಣ ಮನೆಯೊಳಗೇ ಬೇಗ ಗಟ್ಟಿಯಾಗುತ್ತದೆ.

ನಮ್ಮ ದೇಶದಲ್ಲಿ ಈ ಹುಳ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕೊಡಗಿಗೂ ಬಂತು. ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತು. ಅದು ಜನರ ಆರೋಗ್ಯಕ್ಕಾಗಿ. ಅದರ ಬದಲಿಗೆ ಯಾವ ಡಬ್ಬಿ ತಂದು, ಅದೊಂದನ್ನೇ ವರ್ಷವರ್ಷವೂ ಹೊಡೆದರೂ ರಸ್ತೆಯಂಚಿನ ಆ ಗಿಡಗಳ ಪಾಡೇ ನಮ್ಮ ತೋಟಕ್ಕೂ ಬರಬಹುದು.

ಹುಳ ಮುಂದಿನ ಫಸಲಿನವರೆಗೆ ಕಾಲ ಹಾಕುವುದು ಗಿಡದಲ್ಲುಳಿದ ಕಾಯಿಗಳಲ್ಲಿ, ನೆಲಕ್ಕುದುರಿದ ಹಣ್ಣುಗಳಲ್ಲಿ. ಹೆಕ್ಕಿಸುವ ಕೂಲಿ ಗಿಟ್ಟುವುದಿಲ್ಲವೆಂಬ ಮಾತನ್ನು ನಾವೂ ಬಲ್ಲೆವು. ಕೊಯ್ಲಿನಲ್ಲೇ ಗಿಡದಡಿ ಚಾಪೆ ಹಾಸಿದರೆ ಆ ಖರ್ಚು ಇಳಿಯುತ್ತದೆ. ಹುಳ ಬಿದ್ದ ಹಣ್ಣನ್ನು ತಿಪ್ಪೆಗೆಸೆಯದೆ, ಕುದಿಯುವ ನೀರಿನಲ್ಲಿ ಎರಡು-ಮೂರು ನಿಮಿಷ ಅದ್ದಿ, ಆಮೇಲೆ ಕಣದಲ್ಲಿ ಹರಡಬೇಕು.