ನಲ್ಲಿ, ಕಸದ ಬುಟ್ಟಿ, ಒಂದು ಕನ್ನಡಿ

ಮನಶ್ಶಾಸ್ತ್ರ ವಿಭಾಗದ ನೆಲಮಹಡಿಯಲ್ಲಿ ಹಳೆಯ ಉತ್ತರಪತ್ರಿಕೆ ತುಂಬಿಡುತ್ತಿದ್ದ ಕೋಣೆಗಳನ್ನು ಖಾಲಿ ಮಾಡಿಸಿ, ಗೀಳು ರೋಗಕ್ಕೆಂದೇ ಒಂದು ಕ್ಲಿನಿಕ್ ಮಾಡಿದ್ದಾರೆ. ಒಸಿಡಿ ಎಂದರೆ ಬೇಗ ತಿಳಿಯುತ್ತದೆ. ಎಂ.ಫಿಲ್. ವಿದ್ಯಾರ್ಥಿಗಳು ಮೇಲ್ವಿಚಾರಕರ ಕಣ್ಣೆದುರು ಚಿಕಿತ್ಸೆ ಕೊಡುತ್ತಲೇ ಕಲಿಯುವ ಜಾಗ. ರೋಗಿಗಳಿಲ್ಲದ ಹೊತ್ತು ನೋಡಿ ನನ್ನನ್ನು ಒಳಗೆ ಬಿಟ್ಟರು.

ಬಾಗಿಲ ಮೇಲೆ ಕೋಣೆಯ ನಂಬರ್ ಬಿಟ್ಟರೆ ಬೇರೇನೂ ಇಲ್ಲ. ಬಂದವರಿಗೆ ಮುಜುಗರವಾಗದಿರಲಿ ಎಂದೋ, ಬೋರ್ಡು ಇನ್ನೂ ಬರೆಸಿಲ್ಲವೋ, ಹೇಳಲಾರೆ.

ಮೊದಲ ಕೋಣೆಯ ಮೇಜಿನ ಮೇಲೆ ಗೀಳಿನ ತೀವ್ರತೆ ಅಳೆಯುವ ಯೇಲ್–ಬ್ರೌನ್ ಮಾಪನದ ಹಾಳೆಗಳು. 10 ಪ್ರಶ್ನೆ, ಒಟ್ಟು 40 ಅಂಕ. 24 ಮುಟ್ಟಿದರೆ ತೀವ್ರ. ಯೋಚನೆ ಯಾವುದು ಎಂಬುದಕ್ಕೆ ಅಂಕವಿಲ್ಲ, ಅದು ದಿನದ ಎಷ್ಟು ಹೊತ್ತು ತಿನ್ನುತ್ತದೆ, ಎಷ್ಟು ಕಾಡುತ್ತದೆ ಎಂಬುದಕ್ಕೇ ಅಂಕ. ಕೆಳಗೆ ಪೆನ್ನಿನಲ್ಲಿ ಒಂದು ಪ್ರಶ್ನೆ ಸೇರಿಸಿದ್ದರು: ಮನೆಯಲ್ಲಿ ಬೇರೆಯವರೂ ಹೀಗೇ ಮಾಡುತ್ತಾರಾ? ಆಚಾರ ಯಾವುದು, ಗೀಳು ಯಾವುದು ಎಂದು ತಿಳಿಯಲು. ಮಡಿ ಮಾಡುವ ಅಜ್ಜಿಗೆ ಸ್ನಾನ ಆಯಿತೆಂದರೆ ಆಯಿತು. ಗೀಳು ಹಿಡಿದವರಿಗೆ ಆ ‘ಆಯಿತು’ ಬರುವುದೇ ಇಲ್ಲ.

ಪಕ್ಕದ್ದೇ ಚಿಕಿತ್ಸೆಯ ಕೋಣೆ, ಹೆದರಿಸುವುದನ್ನೇ ಎದುರಿಸುವ ಜಾಗ. ವಾಶ್ ಬೇಸಿನ್, ಕಸದ ಬುಟ್ಟಿ, ಬೀಗ ಹಾಕಿದ ಪೆಟ್ಟಿಗೆ, ಸಿಲಿಂಡರ್ ಇಲ್ಲದ ಗ್ಯಾಸ್ ಒಲೆ. ಸಿಲಿಂಡರೇ ಇಲ್ಲದ ಒಲೆಗೆ ಯಾರು ಹೆದರುತ್ತಾರೋ, ನನಗೆ ಅನುಮಾನ. ರೋಗಿ ಬುಟ್ಟಿಯ ಅಂಚು ಮುಟ್ಟಬೇಕು, ಕೈ ತೊಳೆಯದೆ ಕೂರಬೇಕು, ಆತಂಕ 0ಯಿಂದ 100ರಲ್ಲಿ ಎಷ್ಟೆಂದು ಆಗಾಗ ಹೇಳಬೇಕು. ಕ್ರಮ ಹೊಸದಲ್ಲ. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞರೊಬ್ಬರು ಇಬ್ಬರು ರೋಗಿಗಳ ಮೇಲೆ ಇದರ ಮೊದಲ ರೂಪ ನಡೆಸಿ ಬರೆದಿದ್ದರು. ಕೈ ತೊಳೆಯದಂತೆ ತಡೆಯಲು ಇಲ್ಲಿ ಯಾರೂ ನಲ್ಲಿ ಬಂದ್ ಮಾಡುವುದಿಲ್ಲ. ತೊಳೆಯುವುದಿಲ್ಲ ಎಂದು ರೋಗಿಯೇ ಒಪ್ಪಿ ಕೂರಬೇಕು. ಸುಲಭದ್ದನ್ನು ಮೊದಲು, ಕಷ್ಟದ್ದನ್ನು ಆಮೇಲೆ.

ಗೋಡೆಯ ಕನ್ನಡಿಯ ಹಿಂದೆ ಇಕ್ಕಟ್ಟಾದ ಮತ್ತೊಂದು ಕೋಣೆ. ಅಲ್ಲಿಂದ ಇತ್ತ ಕಾಣುತ್ತದೆ, ಇಲ್ಲಿಂದ ಅತ್ತ ಕಾಣದು. ಯಾರು ನೋಡುತ್ತಿದ್ದಾರೆಂದು ರೋಗಿಗೆ ಮೊದಲೇ ತಿಳಿಸಿ ಸಹಿ ಪಡೆಯುತ್ತಾರೆ. ಗಾಜಿನ ಪಕ್ಕದಲ್ಲಿ ಅಂಟಿಸಿದ ಚೀಟಿ: ‘ಸಮಾಧಾನ ಹೇಳಬೇಡಿ.’ ಇದೇನು ಕಲ್ಲು ಮನಸ್ಸು ಎಂದುಕೊಂಡೆ. ಜೊತೆಗಿದ್ದ ವಿದ್ಯಾರ್ಥಿನಿ ವಿವರಿಸಿದರು: “ಏನೂ ಆಗಲ್ಲ ಅಲ್ವಾ ಮೇಡಂ ಅಂತ ಕೇಳ್ತಾರೆ. ಏನೂ ಆಗಲ್ಲ ಅಂದ್ರೆ ಐದು ನಿಮಿಷಕ್ಕೆ ಮತ್ತೆ ಕೇಳ್ತಾರೆ. ಕೈ ತೊಳೆಯೋ ಬದಲು ನಮ್ಮ ಮಾತಲ್ಲಿ ತೊಳ್ಕೊಳ್ತಾರೆ ಅಷ್ಟೆ.” ಮತ್ತೇನು ಹೇಳುತ್ತೀರಿ? “ಆಗಬಹುದು, ಆಗದೇನೂ ಇರಬಹುದು. ಈಗ ಆತಂಕ ಎಷ್ಟಿದೆ?” ಈ ಒಂದು ವಾಕ್ಯಕ್ಕಾಗಿ ಒಬ್ಬರು ರೋಗಿ, ಒಬ್ಬರು ಚಿಕಿತ್ಸಕಿ ಆಗಿ ತಮ್ಮಲ್ಲೇ ಅಭ್ಯಾಸ ಮಾಡುತ್ತಾರಂತೆ. ಮನೆಯವರಿಗೆ ಇದನ್ನು ಕಲಿಸುವುದು ಇನ್ನೂ ಕಷ್ಟವಂತೆ. ತಾಯಂದಿರು ಒಪ್ಪುವುದೇ ಇಲ್ಲ.

ಕೊನೆಗೆ ಕಂಡದ್ದು ಬೀಗವಿರುವ ಫೈಲು ಬೀರು, ಅದರ ಮೇಲೆ ವರ್ಷದ ಕ್ಯಾಲೆಂಡರ್. ಚಿಕಿತ್ಸೆಗೆ ಸಾಮಾನ್ಯವಾಗಿ 12ರಿಂದ 20 ಭೇಟಿ ಬೇಕು. ಕೋರ್ಸು ಎರಡೇ ವರ್ಷ. ಹಾಗಾಗಿ ನಡುವೆ ಚಿಕಿತ್ಸಕರು ಬದಲಾಗದಿರಲೆಂದು, ಬ್ಯಾಚು ಮುಗಿಯುವ ತಿಂಗಳುಗಳಲ್ಲಿ ಹೊಸ ರೋಗಿಗಳನ್ನು ಜೂನಿಯರ್‌ಗಳಿಗೇ ಹಂಚುತ್ತಾರೆ. ಒಬ್ಬ ಕಾಯಂ ಚಿಕಿತ್ಸಕರಾದರೂ ಇರಬೇಕಿತ್ತು ಎಂದೆ. ಹುದ್ದೆ ಕೇಳಿ ಬರೆದಿದ್ದಾರಂತೆ, ಉತ್ತರ ಬಂದಿಲ್ಲ.