ನಾಯಿ ತರಬೇತಿ ವರ್ಗ: ಗುರುವನ್ನು ಆರಿಸುವ ಬಗೆ

ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಬೆಂಗಳೂರಿನ ಬೇಗೂರು, ಜಯನಗರ, ಬನಶಂಕರಿ ಕಡೆ ನೆಲೆಸಿದ್ದಾರೆ. ತೋಟದ ಓಡಾಟ ಸಾಕೆನಿಸಿ ಅಲ್ಲಿಗೆ ಹೋಗಿರುವ ಹಿರಿಯರೂ ಉಂಟು. ಅವರೊಡನೆ ಮನೆಯ ನಾಯಿಯೂ ಹೋಗುತ್ತದೆ. ಕಣದ ಕಾಫಿಯನ್ನೂ ಅಂಗಳದ ಅಡಿಕೆಯನ್ನೂ ಕಾಯ್ದ ನಾಯಿ ಹೊಸಬರನ್ನು ಕಂಡು ಬೊಗಳಿದರೆ ತೋಟದಲ್ಲಿ ಮೆಚ್ಚುಗೆ. ಬೇಗೂರಿನ ಬಡಾವಣೆಯಲ್ಲಿ ಅದೇ ಬೊಗಳು ಜಗಳಕ್ಕೆ ಮೂಲ. ಪಕ್ಕದ ಮನೆಯ ಮಗುವನ್ನು ಕಚ್ಚಿತೆಂದರೆ ಮಗುವಿಗೂ ಅಪಾಯ, ನಾಯಿಗೂ ಅಲ್ಲಿಗೆ ಬಾಳು ಮುಗಿದಂತೆ. ಆದ್ದರಿಂದ ನೆರೆಹೊರೆಯವರು ಕೂಡಿ ನಾಯಿ ತರಬೇತಿ ವರ್ಗ ನಡೆಸಬಹುದೇ, ಗುರುವನ್ನು ಹೇಗೆ ಆರಿಸಬೇಕು ಎಂದು ಕೆಲವರು ಕೇಳಿದ್ದಾರೆ. ಅವರಿಗಾಗಿ ಈ ಬರಹ.

ನಾಯಿಯ ಮೇಲಿನ ಅಭಿಮಾನ ನಮ್ಮ ನಾಡಿಗೆ ಹೊಸದಲ್ಲ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನು ಕ್ರಿ.ಶ. 949-50ರ ಆತಕೂರು ಶಾಸನ ಉಳಿಸಿದೆ. ಆ ಕಲ್ಲೂ ಬೇಗೂರಿನ ಪ್ರಸಿದ್ಧ ವೀರಗಲ್ಲೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಆದರೆ ಹಂದಿಗೆ ಎದುರಾಗುವ ನಾಯಿಗೆ ಬೇಕಾದ ಗುಣ ಬೇರೆ, ಮೂರನೆಯ ಮಹಡಿಯಲ್ಲಿ ಬಾಳುವ ನಾಯಿಗೆ ಬೇಕಾದ ಗುಣ ಬೇರೆ.

ಕಲಿಯುವವರು ಯಾರು?

ಈ ವರ್ಗದಲ್ಲಿ ನಾಯಿಗಿಂತ ಹೆಚ್ಚಾಗಿ ಕಲಿಯಬೇಕಾದವರು ಮನೆಯವರು. ಗುರು ವಾರಕ್ಕೊಂದು ಗಂಟೆ ತೋರಿಸಿದ್ದನ್ನು ಮನೆಯಲ್ಲಿ ದಿನಕ್ಕೆರಡು ಬಾರಿ, ಐದೈದು ನಿಮಿಷ, ಮಾಡಿಸಬೇಕು. ಕೂರುವುದು, ಕರೆದಾಗ ಬರುವುದು, ಬಾಯಲ್ಲಿರುವುದನ್ನು ಬಿಡುವುದು, ಹಗ್ಗ ಎಳೆಯದೆ ಜೊತೆಯಲ್ಲಿ ನಡೆಯುವುದು, ಇಷ್ಟು ಬಂದರೆ ಮನೆಗೆ ಸಾಕು. ಅಜ್ಜಿ ‘ಕೂತ್ಕೋ’ ಎಂದು, ಮೊಮ್ಮಗ ‘ಸಿಟ್’ ಎಂದು ಹೇಳಿದರೆ ನಾಯಿಗೆ ಗೊಂದಲ. ಎಲ್ಲರ ಬಾಯಲ್ಲೂ ಒಂದೇ ಮಾತಿರಲಿ. ಕೆಲಸ ಸರಿಯಾದ ಕ್ಷಣದಲ್ಲೇ ಬಹುಮಾನದ ತುಣುಕು ಸಿಗಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂಬುದು ಅದಕ್ಕೆ ತಿಳಿಯದು. ಚಾಕೊಲೇಟು, ಒಣದ್ರಾಕ್ಷಿ ಕೊಡಬಾರದು. ನಮ್ಮ ಕಾಫಿಯೂ ನಾಯಿಗೆ ವಿಷವೇ.

ವರ್ಗದ ಏರ್ಪಾಡು

1. ಬೇಲಿಯಿರುವ, ನೆರಳಿರುವ ಬಯಲು ಬೇಕು. ಬಿಸಿಲೇರುವ ಮುನ್ನ ವರ್ಗ ಮುಗಿಯಲಿ. ಒಬ್ಬ ಗುರುವಿಗೆ ಆರೆಂಟು ನಾಯಿಗಳಿಗಿಂತ ಹೆಚ್ಚು ಬೇಡ.

2. ರೇಬೀಸ್ ಚುಚ್ಚುಮದ್ದಿನ ಚೀಟಿಯನ್ನೂ ನಗರಪಾಲಿಕೆಯ ಪರವಾನಗಿಯನ್ನೂ ಮೊದಲೇ ನೋಡಿ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಪುನಃ ಹಾಕಿಸಬೇಕು.

3. ಬೆದೆಗೆ ಬಂದ ಹೆಣ್ಣು ನಾಯಿಯನ್ನೂ ಕಾಯಿಲೆಯ ನಾಯಿಯನ್ನೂ ಕರೆತರಬಾರದು. ಕಚ್ಚುವ ಅಭ್ಯಾಸವಿರುವ ನಾಯಿಗೆ ಬೇರೆಯಾಗಿಯೇ ಪಾಠವಾಗಬೇಕು.

4. ನಲ್ಲಿ ನೀರು, ಸಾಬೂನು ಹತ್ತಿರವಿರಲಿ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

ಮರಿ ಆರು ತಿಂಗಳಾಗಲಿ ಎಂದು ಕಾಯುವ ರೂಢಿ ನಮ್ಮಲ್ಲಿದೆ. ಇದು ನಷ್ಟದ ರೂಢಿ. ಜನ, ಸದ್ದು, ವಾಹನಗಳಿಗೆ ನಾಯಿಯ ಮನಸ್ಸು ಸುಲಭವಾಗಿ ಒಗ್ಗುವುದು ಮೊದಲ ಮೂರು ತಿಂಗಳಲ್ಲಿ. ಮೊದಲ ಸುತ್ತಿನ ಲಸಿಕೆ ಹಾಕಿಸಿ ಏಳು ದಿನ ಕಳೆದು, ಜಂತುಹುಳುವಿನ ಔಷಧವನ್ನೂ ಕೊಟ್ಟಿದ್ದರೆ, ಏಳೆಂಟು ವಾರದ ಮರಿಯನ್ನೂ ಮರಿಗಳ ವರ್ಗಕ್ಕೆ ಸೇರಿಸಬಹುದೆಂದು ಪ್ರಾಣಿಗಳ ವರ್ತನೆ ಬಲ್ಲ ಪಶುವೈದ್ಯರು ಹೇಳುತ್ತಾರೆ. ನಿಮ್ಮ ಪಶುವೈದ್ಯರನ್ನು ಕೇಳಿ ಮುಂದುವರಿಯಿರಿ.

ಗುರುವಿನ ಯೋಗ್ಯತೆ

ನಾಯಿಗೆ ಪಾಠ ಹೇಳುವವನಿಗೆ ಇಂಥದೇ ಪದವಿ ಇರಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಯಾರು ಬೇಕಾದರೂ ಫಲಕ ಹಾಕಬಹುದು. ಆದ್ದರಿಂದ ಪರೀಕ್ಷೆಯ ಹೊಣೆ ನಮ್ಮದೇ.

ಮೀರತ್ತಿನ ಸೇನಾ ಕೇಂದ್ರದಲ್ಲೋ, ಗ್ವಾಲಿಯರ್ ಬಳಿಯ ಟೇಕನ್‌ಪುರದ ಗಡಿ ಭದ್ರತಾ ಪಡೆಯ ಶಾಲೆಯಲ್ಲೋ, ಪೊಲೀಸ್ ಶ್ವಾನದಳದಲ್ಲೋ ಪಳಗಿ ನಿವೃತ್ತರಾದವರು ಕೆಲವರು ಸಿಗುತ್ತಾರೆ. ಆ ಅನುಭವ ದೊಡ್ಡದು. ಆದರೆ ಆಯ್ದ ನಾಯಿಗೆ ಮದ್ದುಗುಂಡಿನ ವಾಸನೆ ಹಿಡಿಯಲು ಕಲಿಸುವುದೇ ಬೇರೆ, ಮನೆಯ ಹೆಂಗಸರಿಗೆ, ಮಕ್ಕಳಿಗೆ ಮರಿಯನ್ನು ನಡೆಸಲು ಕಲಿಸುವುದೇ ಬೇರೆ. ಎರಡನೆಯದನ್ನು ಎಷ್ಟು ವರ್ಷ ಮಾಡಿದ್ದೀರಿ ಎಂದು ಕೇಳಿ. ಅಮೆರಿಕದಲ್ಲಿ 2001ರಲ್ಲಿ ಸ್ಥಾಪಿತವಾದ ತರಬೇತುದಾರರ ಪ್ರಮಾಣೀಕರಣ ಮಂಡಳಿ, ಕಲಿಸಿದ ಗಂಟೆಗಳ ಲೆಕ್ಕ ಕೇಳಿ, ಪರೀಕ್ಷೆ ನಡೆಸಿಯೇ ಪ್ರಮಾಣಪತ್ರ ಕೊಡುತ್ತದೆ. ನಾಲ್ಕು ದಿನದ ಶಿಬಿರದಲ್ಲಿ ಹಾಜರಿಗೆ ಸಿಕ್ಕ ಪತ್ರವನ್ನು ಅದಕ್ಕೆ ಸಮನೆಂದು ತಿಳಿಯಬಾರದು.

ಮುಖ್ಯವಾದ ಪ್ರಶ್ನೆ ಇದು: ‘ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ?’ ಕುತ್ತಿಗೆ ಬಿಗಿಯುವ ಸರಪಳಿ, ಮುಳ್ಳಿನ ಪಟ್ಟಿ, ವಿದ್ಯುತ್ ಆಘಾತ, ಹೊಡೆತ ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಬನ್ನಿ. ಭಯದಿಂದ ಸುಮ್ಮನಾದ ನಾಯಿ ಗುರುಗುಟ್ಟುವುದನ್ನು ಬಿಟ್ಟು, ಮುನ್ಸೂಚನೆಯಿಲ್ಲದೆ ಕಚ್ಚಬಹುದು. ಎಲ್ಲ ನಾಯಿಗಳಿಗೂ ಬಹುಮಾನದ ಕ್ರಮವೇ ಸರಿ ಎಂದು ಅಮೆರಿಕದ ಪಶುವೈದ್ಯರ ಪ್ರಾಣಿವರ್ತನಾ ಸಂಘ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ.

‘ಹತ್ತು ದಿನದಲ್ಲಿ ಸರಿಮಾಡಿ ಕೊಡುತ್ತೇನೆ, ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ. ನಾಯಿಯನ್ನು ತಿಂಗಳುಗಟ್ಟಲೆ ತಮ್ಮಲ್ಲೇ ಬಿಡಿ ಎನ್ನುವವರ ಮಾತನ್ನೂ ಯೋಚಿಸಿ ಒಪ್ಪಿ. ಅಲ್ಲಿ ಅದು ಅವರ ಮಾತು ಕೇಳಲು ಕಲಿಯುತ್ತದೆ, ನಿಮ್ಮದನ್ನಲ್ಲ. ಇದ್ದಕ್ಕಿದ್ದಂತೆ ಕಚ್ಚತೊಡಗಿದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ ಎನ್ನುವವನು ತಿಳಿದವನು. ಕಿವಿಯ ಕೀವು, ಕೀಲುನೋವು ಸಹ ಸಾಧು ನಾಯಿಯನ್ನು ಕಚ್ಚುವಂತೆ ಮಾಡುತ್ತವೆ.

ಅಡಿಕೆ ಮರ ಹತ್ತಿ ಕೊನೆ ಇಳಿಸುವವನಿಂದ ನಾವು ಪ್ರಮಾಣಪತ್ರ ಕೇಳುವುದಿಲ್ಲ, ಅವನು ಒಂದು ಮರ ಹತ್ತುವುದನ್ನು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ನಿಮ್ಮ ನಾಯಿಯನ್ನು ಮನೆಯಲ್ಲೇ ಬಿಟ್ಟು ಒಂದು ವರ್ಗ ನೋಡಿ ಬನ್ನಿ. ನೋಡಲು ಬಿಡದ ಗುರು ಬೇಡ. ಅಲ್ಲಿನ ನಾಯಿಗಳ ಬಾಲ ಕಾಲಸಂದಿಗೆ ಸೇರಿದೆಯೇ, ಕಿವಿ ಹಿಂದಕ್ಕೆ ಮಡಚಿದೆಯೇ, ತಿನ್ನದೆಯೂ ಪದೇ ಪದೇ ತುಟಿ ನೆಕ್ಕುತ್ತಿವೆಯೇ? ಇವು ಅಂಜಿಕೆಯ ಗುರುತು. ಬಾಲವನ್ನು ಸಡಿಲಾಗಿ ಆಡಿಸುತ್ತ ಗುರುವಿನ ಬಳಿಗೆ ತಾವಾಗಿಯೇ ಓಡಿಬಂದರೆ ಅದಕ್ಕಿಂತ ಒಳ್ಳೆಯ ಶಿಫಾರಸು ಬೇಕಿಲ್ಲ.

ಇನ್ನೊಂದು ಮಾತು. ಯಾವ ಗುರುವೂ ಹಗಲಿಡೀ ಕಟ್ಟಿಹಾಕಿದ ನಾಯಿಯನ್ನು ಸಾಧುಮಾಡಲಾರ. ನಾಯಿಯನ್ನು ತೀರ ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ವಿಧಿಯಂತೆ ಅಪರಾಧ. ಬೇಗೂರಿನಲ್ಲಿರುವವರಿಗೆ ಹೇಳಿದ ಈ ಮಾತು ತೋಟದಲ್ಲಿರುವ ನಮಗೂ ಸಲ್ಲುತ್ತದೆ.

ವರ್ಗ ಆರಂಭಿಸುವವರು ನಾಯಿ ಸಾಕದ ನೆರೆಯವರನ್ನೂ ಮೊದಲ ದಿನ ನೋಡಲು ಕರೆಯಿರಿ. ಇಡೀ ಶುಲ್ಕವನ್ನು ಮುಂಗಡ ಕೊಡದೆ ಮೊದಲ ತಿಂಗಳದ್ದನ್ನಷ್ಟೇ ಕೊಟ್ಟು ರಸೀತಿ ಪಡೆಯಿರಿ. ತಿಂಗಳ ಕೊನೆಗೆ ನಾಯಿ ಮನೆಯ ಮಗುವಿನ ಮಾತನ್ನೂ ಕೇಳುವಂತಾಗಿದ್ದರೆ ಮುಂದುವರಿಸಿ.